ಶೋಧಯಂತ್ರವೂ ತಾತ್ಪರ್ಯಲಿಂಗಗಳೂ: ಜಾಲತಾಣದ ಕನ್ನಡ ಗದ್ಯದ ವಿಮರ್ಶೆ

ಗ್ರಂಥವು ಯಾರನ್ನು ಉದ್ದೇಶಿಸಿ ಪ್ರವೃತ್ತವಾಗುತ್ತದೆಂಬ ಪ್ರಶ್ನೆಗೆ ಆಲಂಕಾರಿಕರು ಸಹೃದಯನನ್ನು ತೋರಿಸಿದರು. ಶಾಸ್ತ್ರಕಾರರು ಅಧಿಕಾರಿಯನ್ನು ತೋರಿಸಿದರು. ಕನ್ನಡ ನಾಡಿನ ಶಾಸನಕವಿಗಳು ಊರವರನ್ನಲ್ಲದೆ ಮುಂದೆ ಹುಟ್ಟಿಬರುವ ಅರಸುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಬರೆಯಿಸಿದರು. ಈ ಮೂರು ಬಗೆಯ ಓದುಗರೂ ಮನುಷ್ಯರೇ. ಆದರೆ ಕಳೆದ ಕಾಲು ಶತಮಾನದಲ್ಲಿ ಬೆಳೆದುಬಂದಿರುವ ಒಂದು ಗದ್ಯಜಾತಿಗೆ ಓದುಗರು ಇಬ್ಬರು. ಅವರಲ್ಲಿ ಮೊದಲನೆಯವನು ಮನುಷ್ಯನಲ್ಲ. ವ್ಯಾಪಾರಿಯೂ, ವಿದ್ಯಾಸಂಸ್ಥೆಯೂ, ಸರಕಾರದ ಕಚೇರಿಯೂ ಅಂತರಜಾಲದಲ್ಲಿ ತೆರೆದಿಟ್ಟ ಪುಟಗಳ ಬರಹವೇ ಆ ಗದ್ಯ. ಅದನ್ನು ಮೊದಲು ಓದುವದು ಗೂಗಲ್ ಮೊದಲಾದ ಶೋಧಯಂತ್ರ. ಯಂತ್ರವು ಓದಿ, ತೂಗಿ, ಎತ್ತಿ ತೋರಿಸಿದ ಬಳಿಕವೇ ಬಹುಮಟ್ಟಿಗೆ ಮನುಷ್ಯನ ಕಣ್ಣು ಅದರ ಮೇಲೆ ಬೀಳುವದು. ಈ ಇಬ್ಬರನ್ನೂ ಒಲಿಸುವ ಬಗೆಯನ್ನು ಕಲಿಸುವ ಕೈಪಿಡಿಗಳು ಇಂಗ್ಲಿಷಿನಲ್ಲಿ ಹೇರಳವಾಗಿವೆ. ಕನ್ನಡದಲ್ಲಿ ಅವುಗಳ ಛಾಯೆಗಳು ಹರಡುತ್ತಲಿವೆ. ವಿದ್ವಾಂಸರ ವಿಮರ್ಶೆಯು ಮಾತ್ರ ಈ ಗದ್ಯಕ್ಕೆ ವಿರಳವಾಗಿಯೇ ದೊರೆತಿದೆ.

ಇದು ಬರಿಯ ಅಂಗಡಿಯ ಮಾತು, ಇದಕ್ಕೆ ಪಂಡಿತರು ಕೈಹಾಕಬೇಕೆ ಎಂಬ ಆಕ್ಷೇಪವು ಬರಬಹುದು. ಶಾಸನಗಳ ಪ್ರಶಸ್ತಿಯೂ ಒಡೆಯನ ಹೊಗಳಿಕೆಗೆಂದೇ ಹುಟ್ಟಿದ, ಪ್ರಯೋಜನವನ್ನು ಮುಂದಿಟ್ಟುಕೊಂಡ ಬರಹವಾಗಿತ್ತು. ಆದರೂ ಅದರಿಂದ ಭಾಷೆಯ ಚರಿತ್ರೆಯನ್ನು ಕಟ್ಟಿದವರು ಪಂಡಿತರೇ. ಕಾವ್ಯವನ್ನು ಮುಟ್ಟದ ಮನೆಯಲ್ಲಿಯೂ ಜಾಲತಾಣದ ಗದ್ಯವು ನಿತ್ಯವೂ ಓದಲ್ಪಡುತ್ತದೆ. ಕನ್ನಡ ವಾಕ್ಯದ ಅಳತೆಯು ವಿದ್ಯಾರ್ಥಿಯ ಕಿವಿಗೆ ಪಠ್ಯಪುಸ್ತಕದಿಂದ ಬೀಳುವಂತೆಯೇ ಇದರಿಂದಲೂ ಬೀಳುತ್ತಿರುವಾಗ, ಇದರ ಗುಣದೋಷಗಳನ್ನು ಭಾಷೆಯ ಅಧ್ಯಾಪಕರು ನೋಡದೆ ಬಿಡುವದು ಉಚಿತವಲ್ಲ.

ಮೊದಲು ಆ ಅಮಾನುಷ ಓದುಗನ ಸ್ವರೂಪವನ್ನು ತಿಳಿಯಬೇಕು. ಶೋಧಯಂತ್ರವು ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಸಂಚರಿಸುತ್ತದೆ. ಕಂಡ ಪುಟಗಳ ಶಬ್ದಗಳನ್ನು ತನ್ನ ಸೂಚಿಯಲ್ಲಿ ಸೇರಿಸಿಕೊಳ್ಳುತ್ತದೆ. ಯಾರಾದರೂ ಪ್ರಶ್ನೆ ಹಾಕಿದಾಗ ಸೂಚಿಯನ್ನು ನೋಡಿ, ಯಾವ ಪುಟವು ಆ ಪ್ರಶ್ನೆಗೆ ಹೆಚ್ಚು ತಕ್ಕುದೆಂದು ನಿರ್ಣಯಿಸಿ, ಅನುಕ್ರಮದಲ್ಲಿ ಮುಂದಿಡುತ್ತದೆ. ಇದು ವೈದಿಕರಿಗೆ ಹೊಸ ಸಂಗತಿಯಲ್ಲ. ಕಾತ್ಯಾಯನನ ಸರ್ವಾನುಕ್ರಮಣಿಯು ಋಗ್ವೇದದ ಪ್ರತಿ ಸೂಕ್ತಕ್ಕೂ ಅದರ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸು ಇವನ್ನು ಹೇಳಿ, ಬೇಕಾದುದನ್ನು ಬೇಕಾದವನಿಗೆ ಹುಡುಕಿಕೊಟ್ಟಿದೆ. ಭೇದವಿಷ್ಟೆ: ಅನುಕ್ರಮಣಿಕಾರನಿಗೆ ಸಂಹಿತೆಯು ಬಾಯಿಗೆ ಬಂದಿತ್ತು, ಅದರ ಒಂದಕ್ಷರವೂ ಅವನನ್ನು ಒಲಿಸಲೆಂದು ಹುಟ್ಟಿದ್ದಲ್ಲ, ಇಲ್ಲಿ ಬರೆಯುವವನು ಸೂಚಿಕಾರನನ್ನು ಒಲಿಸಲೆಂದೇ ಬರೆಯುತ್ತಾನೆ. ದೋಷಗಳೆಲ್ಲ ಈ ಒಂದು ಭೇದದಿಂದ ಹೊರಟಿವೆ.

ಕೈಪಿಡಿಗಳು ಯಂತ್ರಕ್ಕೊಂದು ರುಚಿ, ಮನುಷ್ಯನಿಗೊಂದು ರುಚಿ ಎಂದು ಹಿಡಿದು, ಬರೆಯುವವನು ಎರಡನ್ನೂ ಬೆರಸಿ ಉಣಬಡಿಸಬೇಕೆಂದು ಬೋಧಿಸುತ್ತವೆ. ಈ ವಿಭಾಗವು ಮೂಲದಲ್ಲಿಯೇ ಸಮಂಜಸವಲ್ಲ. ಯಂತ್ರಕ್ಕೆ ರುಚಿಯಿಲ್ಲ, ಅದು ಮಾಡುವದು ತಾತ್ಪರ್ಯನಿರ್ಣಯ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರೂ ವೇದಾಂತಿಗಳೂ ಹೇಳಿದ ಆರು ಲಿಂಗಗಳು ವಿದ್ವಾಂಸರಿಗೆ ವಿದಿತವೇ ಇವೆ: ಉಪಕ್ರಮ ಉಪಸಂಹಾರಗಳ ಐಕ್ಯ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಶೋಧಯಂತ್ರವು ಪುಟದಲ್ಲಿ ಅರಸುವ ಗುರುತುಗಳು ಇವಕ್ಕೆ ವಿಸ್ಮಯವಾಗುವಷ್ಟು ಹತ್ತಿರವಾಗಿವೆ. ಹಾಗಾದರೆ ಯಂತ್ರವನ್ನು ಒಲಿಸುವ ಗದ್ಯವೆಂದೂ ಮನುಷ್ಯನನ್ನು ಒಲಿಸುವ ಗದ್ಯವೆಂದೂ ಎರಡಿಲ್ಲ. ತಾತ್ಪರ್ಯವುಳ್ಳ ಗದ್ಯ, ತಾತ್ಪರ್ಯವಿಲ್ಲದೆ ಅದರ ಲಿಂಗಗಳನ್ನು ಮಾತ್ರ ಧರಿಸಿದ ಗದ್ಯ ಎಂದೇ ಎರಡು.

ಇದನ್ನು ಪರೀಕ್ಷಿಸಲು ಒಂದು ಊರನ್ನೂ ಒಂದು ಕಸುಬನ್ನೂ ಹಿಡಿಯುವದು ಮೇಲು. ಧಾರವಾಡದಿಂದ ಅಳ್ನಾವರದ ಕಡೆಗೆ ಹೋಗುವ ರೈಲುದಾರಿಯ ಮೇಲಿನ ಮುಗದವು ಮಲೆನಾಡಿನ ಸೆರಗಿನಲ್ಲಿರುವ ಭತ್ತದ ಊರು. ಶಾಸನಗಳಲ್ಲಿ ಇದರ ಹೆಸರು ಮುಗುಂದ. ಮುಗುಂದ ಮೂವತ್ತೆಂಬ ನಾಡಿಗೆ ಇದೇ ಮುಖ್ಯಸ್ಥಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನೆಯು ಇಲ್ಲಿ ನಡೆಯುತ್ತಿದ್ದು, ‘ಮುಗದ ಸುಗಂಧ’ವೆಂಬ ಪರಿಮಳದ ತಳಿಯು ಊರಿನ ಹೆಸರನ್ನು ಹೊತ್ತಿದೆ. ಕುಂಬಾರಿಕೆಗಾಗಿಯೂ ಈ ಊರು ಧಾರವಾಡ ಸೀಮೆಯಲ್ಲಿ ಹೆಸರಾದುದು. ಇಲ್ಲಿಯ ಕುಂಬಾರನೊಬ್ಬನು ತನ್ನ ಗಡಿಗೆಗಳನ್ನು ದೂರದವರಿಗೆ ಮಾರಲು ಜಾಲದಲ್ಲೊಂದು ಪುಟವನ್ನು ತೆರೆದನೆಂದು ಕಲ್ಪಿಸೋಣ. ಕೈಪಿಡಿಯನ್ನೋದಿದ ಬರಹಗಾರನಿಂದ ಅವನಿಗೆ ದೊರೆಯುವ ಗದ್ಯದ ಮಾದರಿಯನ್ನು ಪರೀಕ್ಷೆಗಾಗಿ ಹೀಗೆ ಹೆಣೆಯಬಹುದು:

“ಮುಗದ ಗಡಿಗೆ ಬೇಕೆ? ಅತ್ಯುತ್ತಮ ಮುಗದ ಗಡಿಗೆ, ಅಗ್ಗದ ಮುಗದ ಗಡಿಗೆ, ಧಾರವಾಡ ಗಡಿಗೆ, ಹುಬ್ಬಳ್ಳಿ ಗಡಿಗೆ ಕೊಳ್ಳಲು ಮುಗದ ಗಡಿಗೆ ತಾಣಕ್ಕೆ ಭೇಟಿ ನೀಡಿ. ವಿಶ್ವದರ್ಜೆಯ ಮುಗದ ಗಡಿಗೆ ಈಗ ನಿಮ್ಮ ಬೆರಳ ತುದಿಯಲ್ಲಿ!”

ಮೂರು ವಾಕ್ಯಗಳಲ್ಲಿ ಗಡಿಗೆಯು ಏಳು ಸಲ, ಮುಗದವು ಐದು ಸಲ ಬಂದಿವೆ. ಆದರೂ ಗಡಿಗೆಯ ಅಳತೆ ಎಷ್ಟು, ಅದು ನೀರಿಗೋ ಅಡಿಗೆಗೋ, ಬೆಲೆ ಏನು, ಎಲ್ಲಿ ದೊರೆಯುತ್ತದೆ ಎಂಬದು ಒಂದು ಸಲವೂ ಬಂದಿಲ್ಲ. ಕೊನೆಯ ವಾಕ್ಯವು ಇಂಗ್ಲಿಷಿನ ನುಡಿಗಟ್ಟನ್ನು ಅಕ್ಷರಶಃ ಹೊತ್ತು ತಂದುದು. ಬೆರಳ ತುದಿಯಲ್ಲಿ ಗಡಿಗೆಯನ್ನು ನಿಲ್ಲಿಸುವ ವಿದ್ಯೆಯು ಕುಂಬಾರನಿಗೂ ಬಾರದೆಂಬದನ್ನು ಬರೆದವನು ಯೋಚಿಸಿಲ್ಲ.

ಇಲ್ಲಿ ಮೇಲುನೋಟಕ್ಕೆ ಕಾಣುವ ದೋಷವು ಪುನರುಕ್ತಿ. ಆ ಕಸುಬಿನವರು ಕೀವರ್ಡ್ ಎಂದು ಕರೆಯುವ ಶೋಧಪದವು ನೂರು ಮಾತಿಗೆ ಇಷ್ಟು ಸಲ ಬರಬೇಕೆಂದು ಲೆಕ್ಕ ಕಟ್ಟಿಕೊಟ್ಟ ಕೈಪಿಡಿಗಳೂ ಉಂಟು. ಯಂತ್ರಗಳ ಬಾಲ್ಯದಲ್ಲಿ ಇದಕ್ಕೆ ಸ್ವಲ್ಪ ಫಲವೂ ಇತ್ತು. ಪದದ ಎಣಿಕೆಯೇ ಆಗ ತಾತ್ಪರ್ಯದ ಮುಖ್ಯ ಗುರುತಾಗಿತ್ತು. ಪುಟದ ಮರೆಯಲ್ಲಿ ಶೋಧಪದಗಳ ಪಟ್ಟಿಯನ್ನಿಡುವ ರೂಢಿಯೂ ಆಗ ಬೆಳೆಯಿತು. ತನ್ನ ನಿರ್ಣಯದಲ್ಲಿ ಆ ಪಟ್ಟಿಗೆ ಸ್ಥಾನವಿಲ್ಲವೆಂದು ಗೂಗಲ್ ಸಂಸ್ಥೆಯು ೨೦೦೯ರಲ್ಲಿಯೇ ಬಹಿರಂಗವಾಗಿ ಸಾರಿತು. ಬಿಳಿಯ ಹಾಳೆಯ ಮೇಲೆ ಬಿಳಿಯ ಅಕ್ಷರಗಳಿಂದ ಶೋಧಪದಗಳನ್ನು ತುಂಬಿ, ಮನುಷ್ಯನಿಗೆ ಕಾಣದಂತೆ ಯಂತ್ರಕ್ಕೆ ಮಾತ್ರ ಉಣಿಸುವ ಕಪಟವೂ ನಡೆದಿತ್ತು. ಚಿತ್ರಕಾವ್ಯದಲ್ಲಿ ಗೂಢಚತುರ್ಥವೆಂಬ ಬಂಧವುಂಟು: ನಾಲ್ಕನೆಯ ಪಾದದ ಅಕ್ಷರಗಳು ಮೊದಲ ಮೂರು ಪಾದಗಳಲ್ಲಿ ಅಡಗಿರುತ್ತವೆ. ಅಲ್ಲಿ ಅಡಗಿಸಿದ್ದು ಓದುಗನು ಕಂಡುಹಿಡಿದು ಸಂತೋಷಪಡಲೆಂದು. ಇಲ್ಲಿ ಅಡಗಿಸಿದ್ದು ಅವನು ಎಂದಿಗೂ ಕಾಣದಿರಲೆಂದು. ಶೋಧಸಂಸ್ಥೆಗಳು ಇದನ್ನು ವಂಚನೆಯೆಂದೇ ಎಣಿಸಿ ಅಂಥ ಪುಟಗಳನ್ನು ಕೆಳಗೆ ತಳ್ಳುತ್ತವೆ.

ಆದರೆ ಪುನರುಕ್ತಿಯೆಲ್ಲವೂ ದೋಷವೆಂದರೆ ಅಭ್ಯಾಸವೆಂಬ ಲಿಂಗಕ್ಕೆ ಗತಿಯೇನು? ಈ ಪ್ರಶ್ನೆಯಲ್ಲಿಯೇ ವಿಷಯದ ಮರ್ಮವಿದೆ. ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಒಂದೇ ಉಪದೇಶವಾಕ್ಯವು ಒಂಬತ್ತು ಸಲ ಬರುತ್ತದೆ. ಅಭ್ಯಾಸಕ್ಕೆ ಶಾಸ್ತ್ರದಲ್ಲಿ ಕೊಡುವ ಪ್ರಸಿದ್ಧ ಉದಾಹರಣೆಯೇ ಅದು. ಅದನ್ನು ಪುನರುಕ್ತಿಯೆಂದು ಯಾರೂ ಹೇಳಿಲ್ಲ. ಪ್ರತಿಯೊಂದು ಆವೃತ್ತಿಗೂ ಮುಂಚೆ ಹೊಸದೊಂದು ದೃಷ್ಟಾಂತವು ಬಂದಿರುತ್ತದೆ: ಜೇನುಹುಳು, ನದಿ, ಆಲದ ಹಣ್ಣು, ನೀರಿನಲ್ಲಿ ಕರಗಿದ ಉಪ್ಪು. ವಾಕ್ಯವು ಮರಳಿ ಬಂದಾಗಲೆಲ್ಲ ಶ್ವೇತಕೇತುವಿಗೆ ಅದು ಹೊಸದರ ಮೇಲೆ ನಿಂತು ಕೇಳಿಸುತ್ತದೆ. ಆದುದರಿಂದ ಶಬ್ದವು ಎಷ್ಟು ಸಲ ಬಂತೆಂಬದು ದೋಷದ ಅಳತೆಯಲ್ಲ. ಎರಡು ಆವೃತ್ತಿಗಳ ನಡುವೆ ಏನು ಬಂತೆಂಬದೇ ಅಳತೆ. ಕುಂಬಾರನ ಪುಟದಲ್ಲಿ ಗಡಿಗೆಯ ಹೆಸರು ಹತ್ತು ಸಲ ಬರಲಿ. ಮಣ್ಣಿನ ಮಾತಿನ ಬಳಿಕ ಒಮ್ಮೆ, ತಿಗರಿಯ ಮಾತಿನ ಬಳಿಕ ಒಮ್ಮೆ, ಆವಿಗೆಯ ಮಾತಿನ ಬಳಿಕ ಒಮ್ಮೆ ಬಂದರೆ ಅದು ಅಭ್ಯಾಸವೇ ಆಗುತ್ತದೆ.

ಎರಡನೆಯ ರೋಗವು ಅರ್ಥವಾದದ್ದು. ‘ಅತ್ಯುತ್ತಮ’, ‘ವಿಶ್ವದರ್ಜೆಯ’, ‘ನಂಬರ್ ಒನ್’ ಎಂಬ ವಿಶೇಷಣಗಳಿಲ್ಲದ ಪುಟವು ಇಂದು ದುರ್ಲಭ. ಅರ್ಥವಾದವು ಸ್ವತಂತ್ರವಾಗಿ ಪ್ರಮಾಣವಲ್ಲ, ವಿಧಿಯೊಡನೆ ಕೂಡಿಯೇ ಪ್ರಮಾಣವೆಂಬದು ಮೀಮಾಂಸೆಯ ಸಿದ್ಧಾಂತ. ವಾಯುವು ಎಲ್ಲರಿಗಿಂತ ವೇಗಿಯೆಂಬ ಹೊಗಳಿಕೆಯು ವಾಯುದೇವತೆಯ ಯಾಗದ ವಿಧಿಯ ಪಕ್ಕದಲ್ಲಿರುವದರಿಂದಲೇ ಸಾರ್ಥಕವಾಯಿತು. ವಿಧಿಯನ್ನು ತೆಗೆದರೆ ಅದು ಬರಿಯ ಗಾಳಿಯ ಮಾತು. ಶಾಸ್ತ್ರದಲ್ಲಿ ಅರ್ಥವಾದವನ್ನು ಮೂರು ಬಗೆಯಾಗಿ ಒಡೆದಿದ್ದಾರೆ, ಮೂರಕ್ಕೂ ಜಾಲತಾಣದಲ್ಲಿ ಉದಾಹರಣೆ ದೊರೆಯುತ್ತದೆ. ಲೋಕದಲ್ಲೇ ಶ್ರೇಷ್ಠವಾದ ಗಡಿಗೆಯೆಂಬದು ಪ್ರಮಾಣಾಂತರಕ್ಕೆ ವಿರೋಧಿಯಾದ್ದರಿಂದ ಗುಣವಾದ. ಮಣ್ಣಿನ ಗಡಿಗೆಯು ನೀರನ್ನು ತಂಪಾಗಿಡುತ್ತದೆಂಬದು ಎಲ್ಲರೂ ಬಲ್ಲ ಸಂಗತಿಯಾದ್ದರಿಂದ ಅನುವಾದ. ಇಂಥ ಕೆರೆಯ ಮಣ್ಣಿಗೆ ಇಷ್ಟು ಪಾಲು ಮರಳು ಬೆರಸಿದ್ದರಿಂದ ಈ ಗಡಿಗೆಯು ಒಲೆಯ ಬೆಂಕಿಯನ್ನು ತಾಳುತ್ತದೆಂದು ಕುಂಬಾರನು ಹೇಳಿದರೆ, ಅದು ವಿರೋಧಿಯೂ ಅಲ್ಲ, ಮೊದಲೇ ತಿಳಿದದ್ದೂ ಅಲ್ಲ, ಭೂತಾರ್ಥವಾದ. ಹೊಗಳಿಕೆಯು ಬೇಡವೆಂದಲ್ಲ. ಮೂರನೆಯ ಬಗೆಯ ಹೊಗಳಿಕೆಯನ್ನು ಹೇಳಬಲ್ಲವನು ಕುಂಬಾರನೊಬ್ಬನೇ. ಮೊದಲೆರಡನ್ನು ಪಟ್ಟಣದಲ್ಲಿ ಕುಳಿತು ಯಾರು ಬೇಕಾದರೂ ಬರೆಯಬಹುದು, ಬರೆಯುತ್ತಲೂ ಇದ್ದಾರೆ.

ಅಪೂರ್ವತೆಯ ಮಾತು ಇಲ್ಲಿಂದಲೇ ಹೊರಡುತ್ತದೆ. ಒಂದು ತಾಣದ ಮಾತನ್ನು ಇನ್ನೊಂದು ನಕಲು ಮಾಡಿ, ಅದನ್ನು ಮೂರನೆಯದು ಪದ ಬದಲಿಸಿ ಹಾಕಿ, ಹೀಗೆ ಅನುವಾದದ ಮೇಲೆ ಅನುವಾದವು ಬೆಳೆದಾಗ ಸೂಚಿಯು ಹೊಟ್ಟಿನಿಂದ ತುಂಬುತ್ತದೆ. ೨೦೧೧ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ‘ಪಾಂಡಾ’ ಎಂದು ಪ್ರಸಿದ್ಧವಾದ ಮಾರ್ಪಾಟಿನಿಂದ ತಿರುಳಿಲ್ಲದ, ಎರವಲು ಪುಟಗಳನ್ನು ಕೆಳಗಿಳಿಸಲು ತೊಡಗಿತು. ೨೦೨೪ರ ಮಾರ್ಚಿಯಲ್ಲಿ, ಓದುಗನ ಹಿತಕ್ಕಲ್ಲದೆ ಸ್ಥಾನದ ಲಾಭಕ್ಕಾಗಿಯೇ ರಾಶಿರಾಶಿಯಾಗಿ ಉತ್ಪಾದಿಸಿದ ಬರಹವನ್ನು, ಅದು ಯಂತ್ರದ್ದಿರಲಿ ಮನುಷ್ಯನದ್ದಿರಲಿ, ನಿಷಿದ್ಧ ವರ್ಗಕ್ಕೆ ಸೇರಿಸಿತು. ಅನಧಿಗತವಾದ ಅರ್ಥವನ್ನು ತಿಳಿಸುವದೇ ಪ್ರಮಾಣವೆಂದು ಮೀಮಾಂಸಕರು ಇಟ್ಟ ಲಕ್ಷಣಕ್ಕೆ ವ್ಯಾಪಾರಿ ಸಂಸ್ಥೆಯೊಂದು ಲೆಕ್ಕದ ದಾರಿಯಿಂದ ಬಂದು ಮುಟ್ಟಿದ್ದು ಗಮನಾರ್ಹ.

ಉಪಪತ್ತಿಯ ಸ್ಥಾನದಲ್ಲಿ ಯಂತ್ರವು ಇನ್ನೊಂದನ್ನು ನೋಡುತ್ತದೆ. ೧೯೯೮ರಲ್ಲಿ ಸ್ಟ್ಯಾನ್‌ಫರ್ಡಿನ ಸರ್ಗೇ ಬ್ರಿನ್, ಲ್ಯಾರಿ ಪೇಜ್ ಎಂಬಿಬ್ಬರು ಪ್ರಕಟಿಸಿದ ಪದ್ಧತಿಯ ಮೇರೆಗೆ, ಒಂದು ಪುಟದ ಕಡೆಗೆ ಬೆರಳು ತೋರಿಸುವ ಇತರ ಪುಟಗಳೆಷ್ಟು, ಅವು ತಾವೇ ಎಷ್ಟು ಮಾನ್ಯವಾದವು ಎಂಬದರಿಂದ ಆ ಪುಟದ ಮಾನ್ಯತೆಯು ನಿಶ್ಚಿತವಾಗುತ್ತದೆ. ಇದು ಶಿಷ್ಟಪರಿಗ್ರಹವೇ ಸರಿ. ಶಿಷ್ಟರನ್ನು ದುಡ್ಡಿಗೆ ಕೊಳ್ಳುವ ವ್ಯಾಪಾರವೂ ಬೆನ್ನಲ್ಲೇ ಹುಟ್ಟಿತು. ೨೦೧೨ರ ಏಪ್ರಿಲಿನ ‘ಪೆಂಗ್ವಿನ್’ ಮಾರ್ಪಾಟು ಅದನ್ನು ತಡೆಯಲು ಬಂದುದು. ಬರಹದ ವಿಮರ್ಶೆಗೆ ಇದು ಅಷ್ಟಾಗಿ ಸೇರದ್ದರಿಂದ ಇಲ್ಲಿಗೇ ಬಿಡಬಹುದು.

ಇಷ್ಟು ದೂರ ಯಂತ್ರಕ್ಕೂ ಮನುಷ್ಯನಿಗೂ ವಿರೋಧವಿಲ್ಲ. ನಿಜವಾದ ವಿರೋಧವು ತೋರುವದು ಇಂಗ್ಲಿಷಿನ ಕೈಪಿಡಿಗಳು ಹೇಳದ, ಹೇಳಲಾರದ ಎಡೆಯಲ್ಲಿ: ಕನ್ನಡದ ವಿಭಕ್ತಿ ಮತ್ತು ಸಂಧಿಗಳಲ್ಲಿ. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದ ಯಾವ ಮೂಲೆಯಲ್ಲಿದ್ದರೂ ರೂಪ ಕೆಡುವದಿಲ್ಲ. ಕನ್ನಡದಲ್ಲಿ ಅದು ಮುಗದಕ್ಕೆ, ಮುಗದದಿಂದ, ಮುಗದದಲ್ಲಿ ಎಂದು ಮಾರ್ಪಡುತ್ತದೆ. ಲೋಪಸಂಧಿಯಾದರಂತೂ ‘ಮುಗದದಲ್ಲಾದ’ ಎಂಬಲ್ಲಿ ಪದಗಳ ಗಡಿಯೇ ಅಳಿಯುತ್ತದೆ. ಈ ಊರಿನ ಹೆಸರಿನಲ್ಲಿ ಇನ್ನೊಂದು ವಿಚಿತ್ರವುಂಟು: ಅದರ ಕೊನೆಯ ಅಕ್ಷರವೇ ಷಷ್ಠಿಯ ವೇಷದಲ್ಲಿದೆ. ಪ್ರತ್ಯಯವನ್ನು ಕಳಚಲು ಹೊರಟ ಯಂತ್ರವು ‘ಮುಗದ’ದ ದಕಾರವನ್ನು ವಿಭಕ್ತಿಯೆಂದು ಭ್ರಮಿಸಿದರೆ ಉಳಿಯುವ ‘ಮುಗ’ಕ್ಕೆ ಅರ್ಥವಿಲ್ಲ, ದಿಟವಾದ ಷಷ್ಠಿಯಾದ ‘ಮುಗದದ’ವು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಕೇಶಿರಾಜನ ಸೂತ್ರಗಳನ್ನು ಬಲ್ಲವನಿಗೆ ಇದರಲ್ಲಿ ತೊಡಕಿಲ್ಲ. ಯಂತ್ರಗಳು ಕನ್ನಡದ ರೂಪಭೇದಗಳಲ್ಲಿ ಮೊದಲಿಗಿಂತ ಪಳಗಿದ್ದರೂ ಇಂಗ್ಲಿಷಿನಷ್ಟು ಪಳಗಿಲ್ಲ.

ಇದಕ್ಕೆ ಹೆದರಿದ ಬರಹಗಾರನು ಮಾಡುವದೇನೆಂದರೆ, ವಿಭಕ್ತಿಯನ್ನೇ ಬಿಟ್ಟುಬಿಡುವದು. ‘ಮುಗದ ಗಡಿಗೆ ಬೆಲೆ ಧಾರವಾಡ’ ಎಂಬ ಪ್ರಾತಿಪದಿಕಗಳ ಸಾಲು ಹುಡುಕುವವನ ಪ್ರಶ್ನೆಗೆ ಹೊಂದುತ್ತದೆಂದು ತಿಳಿದು, ಪ್ರಶ್ನೆಯನ್ನೇ ಉತ್ತರವಾಗಿ ಬರೆದಿಡುತ್ತಾನೆ. ಹುಡುಕುವವನು ಅವಸರದಲ್ಲಿ ತೊದಲಿದರೆ ಉತ್ತರ ಹೇಳುವವನೂ ತೊದಲಬೇಕೆ? ಕಾರಕಸಂಬಂಧವಿಲ್ಲದ ಪದರಾಶಿಯಲ್ಲಿ ಆಕಾಂಕ್ಷೆಯು ತೀರುವದಿಲ್ಲ. ಹಸು, ಕುದುರೆ, ಮನುಷ್ಯ, ಆನೆ ಎಂದು ಬಿಡಿಬಿಡಿಯಾಗಿ ಹೇಳಿದರೆ ವಾಕ್ಯವಾಗದೆಂದು ತರ್ಕದ ಮೊದಲ ಪಾಠದಲ್ಲಿಯೇ ಕಲಿಸುತ್ತಾರೆ. ಕನ್ನಡಕ್ಕೆ ಈ ಗದ್ಯದಿಂದ ಒದಗಿರುವ ದಿಟವಾದ ಅಪಾಯವು ಇದೇ. ಇಂಗ್ಲಿಷ್ ಶಬ್ದಗಳು ಬಂದು ಸೇರುವದು ಇದರ ಮುಂದೆ ದೊಡ್ಡ ಮಾತಲ್ಲ; ‘ರೈಲು’ ಶಬ್ದವನ್ನು ಅರಗಿಸಿಕೊಂಡ ಭಾಷೆಯು ಇನ್ನಷ್ಟನ್ನು ಅರಗಿಸೀತು. ವಿಭಕ್ತಿಯು ಕಳಚಿಹೋದರೆ ಅರಗಿಸಿಕೊಳ್ಳುವ ಹೊಟ್ಟೆಯೇ ಇರುವದಿಲ್ಲ.

ಪರಿಹಾರವು ಪ್ರಾಚೀನರಲ್ಲಿಯೇ ಇದೆ. ಶಾಕಲ್ಯನು ಋಗ್ವೇದಕ್ಕೆ ಪದಪಾಠವನ್ನು ಮಾಡಿದನು. ಸಂಧಿಗಳನ್ನು ಬಿಡಿಸಿ ಪದಗಳನ್ನು ಬೇರೆಬೇರೆ ನಿಲ್ಲಿಸಿದನು. ಅದರಿಂದ ಸಂಹಿತಾಪಾಠವು ಬಿದ್ದುಹೋಗಲಿಲ್ಲ. ಎರಡೂ ತಮ್ಮತಮ್ಮ ಎಡೆಯಲ್ಲಿ ಉಳಿದವು. ಜಾಲತಾಣದ ಪುಟದಲ್ಲಿ ತಲೆಬರಹ, ಉಪಶೀರ್ಷಿಕೆ, ಚಿತ್ರದ ಕೆಳಗಿನ ವಿವರಣೆ ಇವು ಪದಪಾಠದ ಎಡೆಗಳು. ಅಲ್ಲಿ ಸಂಧಿಯನ್ನು ಬಿಡಿಸಿ, ಹೆಸರುಗಳನ್ನು ಪ್ರಥಮೆಯಲ್ಲಿ ಅಥವಾ ತೀರ ಸರಳವಾದ ಷಷ್ಠಿಯಲ್ಲಿ ನಿಲ್ಲಿಸಬಹುದು. ಒಡಲಿನ ಗದ್ಯವು ಸಂಹಿತೆ. ಅಲ್ಲಿ ಕನ್ನಡವು ತನ್ನ ಏಳು ವಿಭಕ್ತಿಗಳೊಡನೆ ನಡೆಯಲಿ. ಉಪಕ್ರಮದಲ್ಲಿ ಹೆಸರು ಸ್ಪಷ್ಟವಾಗಿ ನಿಂತರೆ ಸಾಕು, ಒಡಲಿನಲ್ಲಿ ಅದು ಯಾವ ರೂಪದಲ್ಲಿ ಬಂದರೂ ಯಂತ್ರಕ್ಕೆ ದಾರಿ ತಪ್ಪುವ ಭಯವು ಕಡಮೆ.

ಪರ್ಯಾಯಪದಗಳ ತೊಡಕೂ ಹೀಗೆಯೇ. ಧಾರವಾಡದವನು ‘ಗಡಿಗಿ’, ‘ಹರವಿ’, ‘ಪಣತಿ’ ಎನ್ನುತ್ತಾನೆ; ಮೈಸೂರಿನವನು ‘ಮಡಕೆ’, ‘ಹಣತೆ’ ಎನ್ನುತ್ತಾನೆ; ಒಬ್ಬನು ‘ಅಡಿಗೆ’ಯೆಂದೂ ಇನ್ನೊಬ್ಬನು ‘ಅಡುಗೆ’ಯೆಂದೂ ಬರೆಯುತ್ತಾನೆ; ಮೂರನೆಯವನು ಕನ್ನಡ ಶಬ್ದವನ್ನೇ ರೋಮನ್ ಲಿಪಿಯಲ್ಲಿ ಮನಬಂದಂತೆ ಒತ್ತುತ್ತ ಹುಡುಕುತ್ತಾನೆ. ಕನ್ನಡವು ಸೀಮೆಸೀಮೆಗೆ ಬೇರೆಯೆಂಬದನ್ನು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗಕಾರನು ಕಂಡಿದ್ದನು. ಕೈಪಿಡಿಗಳು ಎಲ್ಲ ರೂಪಗಳನ್ನೂ ಪುಟದ ಬುಡದಲ್ಲಿ ಸಾಲಾಗಿ ಸುರಿಯಿರೆನ್ನುತ್ತವೆ. ಅಮರಸಿಂಹನು ಪರ್ಯಾಯಗಳನ್ನು ಹೀಗೆ ಸುರಿದವನಲ್ಲ, ವರ್ಗವರ್ಗವಾಗಿ ಜೋಡಿಸಿದವನು. ಒಂದು ಪರ್ಯಾಯವು ಬರುವಲ್ಲಿ ಅದರಿಂದ ಓದುಗನಿಗೊಂದು ತಿಳಿವಳಿಕೆಯೂ ಬಂದರೆ ಅದು ನಿಘಂಟಿನ ಕೆಲಸವಾಯಿತು, ತುರುಕುವಿಕೆಯಾಗಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದರ ನಿದರ್ಶನವು ಹತ್ತಿರದಲ್ಲಿದೆ: ‘ಶಾಸನಗಳ ಮುಗುಂದವೇ ಇಂದಿನ ಮುಗದ’ ಎಂಬ ಒಂದೇ ವಾಕ್ಯವು, ಹಳೆಯ ಹೆಸರಿನಿಂದ ಹುಡುಕುವವನನ್ನೂ ಹೊಸ ಹೆಸರಿನಿಂದ ಹುಡುಕುವವನನ್ನೂ ಒಂದೇ ಪುಟಕ್ಕೆ ತಂದು ನಿಲ್ಲಿಸುತ್ತದೆ. ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತವನ್ನು ಸರಕಾರವು ೨೦೧೪ರ ನವೆಂಬರ್ ೧ರಂದು ಬದಲಿಸಿದ್ದರಿಂದ ಇಂಗ್ಲಿಷಿನಲ್ಲಿ ಬರೆಯುವವನು ಹಳೆಯ ರೂಪವನ್ನೂ ಸಾಕಬೇಕಾಗಿದೆ; ಕನ್ನಡದಲ್ಲಿ ಬರೆಯುವವನಿಗೆ ಆ ಕಷ್ಟವಿಲ್ಲ.

ಕಣ್ಣಿಗೆ ಕಾಣದ ದೋಷಗಳೂ ಕೆಲವುಂಟು. ಯೂನಿಕೋಡ್ ಸಂಕೇತದಲ್ಲಿ ಕನ್ನಡವು ೧೯೯೧ರಲ್ಲಿಯೇ ಸೇರಿದ್ದರೂ, ಬಹುಕಾಲ ಕನ್ನಡದ ಬೆರಳಚ್ಚು ಬೇರೆ ಬಗೆಯ ಅಚ್ಚುಗಳಲ್ಲಿ ನಡೆದಿತ್ತು. ಅವುಗಳಲ್ಲಿ ಅಕ್ಷರವು ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್ ಲಿಪಿಯ ಕಲಸುಮೇಲೋಗರ. ಅಂಥ ಬರಹವು ಶೋಧಯಂತ್ರದ ಪಾಲಿಗೆ ಇಲ್ಲದ ಬರಹ. ಇಂದಿಗೂ ಉಳಿದಿರುವ ಒಂದು ಸೂಕ್ಷ್ಮದೋಷವೆಂದರೆ ಅನುಸ್ವಾರದ ಬದಲು ಸೊನ್ನೆಯ ಅಂಕಿಯನ್ನು ಒತ್ತುವದು. ‘ಕುಂಬಾರ’, ‘ಕು೦ಬಾರ’ ಇವೆರಡೂ ಓದುಗನಿಗೆ ಒಂದೇ. ಎರಡನೆಯದರಲ್ಲಿ ಅಂಕಿಯು ಕುಳಿತಿದೆ, ಯಂತ್ರವು ಅದನ್ನು ಕುಂಬಾರನೆಂದು ಓದುವ ಭರವಸೆಯಿಲ್ಲ. ಶಿಕ್ಷೆಯೆಂಬ ವೇದಾಂಗವು ಸ್ವರವರ್ಣಗಳ ತಪ್ಪಿಗೆ ಏಕೆ ಅಷ್ಟು ಅಂಜಿತೆಂಬದು ಇಂಥಲ್ಲಿ ತಿಳಿದುಬರುತ್ತದೆ.

ಇನ್ನು ಕುಂಬಾರನ ಪುಟವನ್ನು ಮೇಲಿನ ವಿಚಾರದಂತೆ ತಿದ್ದಿದರೆ ಹೇಗಿದ್ದೀತೆಂಬದಕ್ಕೂ ಒಂದು ಕಲ್ಪಿತ ಮಾದರಿಯನ್ನು ಇಡಬಹುದು. ತಲೆಬರಹ: “ಮುಗದದ ಮಣ್ಣಿನ ಗಡಿಗೆ, ಹರವಿ, ಹಣತೆ: ಅಳತೆ, ಬೆಲೆ, ದೊರೆಯುವ ಸ್ಥಳ”. ಒಡಲು:

“ಧಾರವಾಡ ತಾಲೂಕಿನ ಮುಗದದಲ್ಲಿ ತಿಗರಿಯ ಮೇಲೆ ಮಾಡಿ ಆವಿಗೆಯಲ್ಲಿ ಸುಟ್ಟ ಮಣ್ಣಿನ ಪಾತ್ರೆಗಳು ಇಲ್ಲಿ ದೊರೆಯುತ್ತವೆ. ನೀರಿಡಲು ಹರವಿ, ಅಡುಗೆಗೆ ಗಡಿಗೆ. ಮೈಸೂರು ಕಡೆಯವರು ಮಡಕೆ ಎನ್ನುವುದು ಇದನ್ನೇ. ಹೊಸ ಹರವಿಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು ಆಮೇಲೆ ಬಳಸಿ. ನೀರು ಹರವಿಯ ಮೈಯಿಂದ ಜಿನುಗಿ ಆರುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತಣಿದಷ್ಟು ಮಳೆಗಾಲದಲ್ಲಿ ತಣಿಯುವುದಿಲ್ಲ.”

ಇದರಲ್ಲಿ ಒಂದೂ ಹೊಗಳಿಕೆಯ ವಿಶೇಷಣವಿಲ್ಲ. ಊರಿನ ಹೆಸರು ಶೀರ್ಷಿಕೆಯಲ್ಲೊಮ್ಮೆ, ಒಡಲಿನಲ್ಲೊಮ್ಮೆ ಬಂದಿದೆ. ಗಡಿಗೆ ಮಡಕೆಗಳ ಪರ್ಯಾಯವು ಸಹಜವಾಗಿ ಸೇರಿಕೊಂಡಿದೆ. ನೀರು ತಣಿಯುವದಕ್ಕೆ ಉಪಪತ್ತಿಯಿದೆ. ಸರಕಿನ ಮಿತಿಯನ್ನು ಮಾರುವವನೇ ಹೇಳಿದ ಕೊನೆಯ ವಾಕ್ಯವು ಕೈಪಿಡಿಗಳ ದೃಷ್ಟಿಯಲ್ಲಿ ಆತ್ಮಘಾತ. ಓದುಗನಾದರೋ ಆ ವಾಕ್ಯದಿಂದಲೇ ಉಳಿದವನ್ನು ನಂಬುತ್ತಾನೆ. ಇದರಲ್ಲಿ ರಸವಿಲ್ಲವೆಂಬ ಆಕ್ಷೇಪವು ನಿಲ್ಲುವದಿಲ್ಲ. ಪ್ರಸಾದಗುಣವು ಎಲ್ಲ ರಸಗಳಿಗೂ ಸಾಧಾರಣವೆಂದು ಆಲಂಕಾರಿಕರು ಹೇಳಿದ್ದಾರೆ. ಈ ಗದ್ಯಕ್ಕೆ ಅದೊಂದೇ ಸಾಕು.

ಕುಂಬಾರನ ಕಷ್ಟವು ವಿದ್ವಾಂಸರಿಗೆ ದೂರದ್ದೆಂದು ತೋರಿದರೆ, ಸಂಶೋಧನ ಪತ್ರಿಕೆಗಳ ಸ್ಥಿತಿಯನ್ನು ನೋಡಬಹುದು. ಹಳೆಯ ಸಂಚಿಕೆಗಳನ್ನು ಬರಿಯ ಚಿತ್ರಗಳಾಗಿ ಜಾಲಕ್ಕೇರಿಸಿದರೆ ಅವುಗಳ ಅಕ್ಷರಗಳು ಸುಲಭವಾಗಿ ಸೂಚಿಗೆ ಸಿಕ್ಕುವದಿಲ್ಲ. ಕಡತದ ಹೆಸರು ಅಂಕಿಗಳ ಸಾಲಾಗಿದ್ದರೆ ಅದರಲ್ಲಿ ಮುಗುಂದದ ಮೇಲಿನ ಪ್ರಬಂಧವಿದೆಯೆಂದು ತಿಳಿಯುವ ಬಗೆಯಿಲ್ಲ. ಪ್ರತಿ ಪ್ರಬಂಧಕ್ಕೂ ಶೀರ್ಷಿಕೆ, ಲೇಖಕ, ಸ್ಥಳನಾಮಗಳು, ಎರಡು ವಾಕ್ಯಗಳ ಸಾರಾಂಶ ಇವನ್ನು ಅಕ್ಷರರೂಪದಲ್ಲಿ ಕೊಟ್ಟರೆ ಕಾತ್ಯಾಯನನು ಮಾಡಿದ ಕೆಲಸದ ಒಂದಂಶವು ಆದಂತಾಗುತ್ತದೆ. ಹಾಗೆ ಕೊಡುವ ಸಾರಾಂಶದಲ್ಲಿ ‘ಒಂದು ಅಧ್ಯಯನ’, ‘ಒಂದು ನೋಟ’ ಎಂಬ ಬಾಲಗಳನ್ನು ಬಿಟ್ಟು ವಿಷಯವನ್ನು ಹೇಳುವದು ಒಳ್ಳೆಯದು. ‘ವಿಶ್ವದರ್ಜೆಯ’ ಎಂಬುದಕ್ಕಿಂತ ಅವು ಹೆಚ್ಚು ಮಾನವಂತವೇನೂ ಅಲ್ಲ.

೨೦೨೪ರಿಂದ ಇನ್ನೊಂದು ಮಾರ್ಪಾಟು ಮೊದಲಾಗಿದೆ. ಗೂಗಲ್ ತನ್ನ ಶೋಧದ ಫಲಗಳ ಮೇಲ್ಗಡೆಗೆ, ಹಲವು ಪುಟಗಳ ಮಾತುಗಳನ್ನು ಕೂಡಿಸಿ ತಾನೇ ಹೆಣೆದ ಉತ್ತರವನ್ನಿಡತೊಡಗಿತು. ಓದುಗನು ಆ ಉತ್ತರದಿಂದಲೇ ತೃಪ್ತನಾಗಿ ಮೂಲದ ಪುಟಕ್ಕೆ ಹೋಗದಿರುವದುಂಟು. ಮೇಲಿನ ಎರಡನೆಯ ಮಾದರಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದರಲ್ಲಿಯೂ ಒಂದು ಕೊರತೆಯು ಕಾಣುತ್ತದೆ. ಹೊಸ ಹರವಿಯನ್ನು ನೆನೆಯಿಡಬೇಕೆಂಬ ವಾಕ್ಯವನ್ನು ಯಂತ್ರವು ಎತ್ತಿಕೊಂಡರೆ ಅದರೊಡನೆ ಕುಂಬಾರನ ಹೆಸರಾಗಲಿ ಮುಗದದ ಹೆಸರಾಗಲಿ ಬರುವದಿಲ್ಲ. ಸಲಹೆಯು ಉಳಿದು ಸಲಹೆಗಾರನು ಅಳಿಯುತ್ತಾನೆ. ಮೊದಲನೆಯ ವಾಕ್ಯವು ಹಾಗಲ್ಲ. ಅಲ್ಲಿ ಊರು, ತಿಗರಿ, ಆವಿಗೆ, ಪಾತ್ರೆಗಳು ಒಂದೇ ಅನ್ವಯದಲ್ಲಿ ಹೆಣೆದುಕೊಂಡಿರುವದರಿಂದ ಪಾತ್ರೆಯನ್ನೆತ್ತಿಕೊಂಡವನು ಊರನ್ನೂ ಎತ್ತಿಕೊಳ್ಳಬೇಕಾಗುತ್ತದೆ. ದಾನಶಾಸನಗಳ ವಾಕ್ಯಗಳು ಹೀಗೆಯೇ ಕಟ್ಟಲ್ಪಟ್ಟಿವೆ: ಕೊಟ್ಟವನ ಹೆಸರು, ಕೊಟ್ಟ ಭೂಮಿ, ಅದರ ಎಲ್ಲೆ ಇವು ಒಂದೇ ಕ್ರಿಯಾಪದಕ್ಕೆ ಅನ್ವಯಿಸಿರುವದರಿಂದ, ಭೂಮಿಯನ್ನು ಹೇಳುವವನು ಕೊಟ್ಟವನ ಹೆಸರನ್ನು ಬಿಡಲಾರನು. ನೆನೆಯಿಡುವ ವಾಕ್ಯವನ್ನೂ ‘ಹೊಸ ಹರವಿಯನ್ನು ಬಳಸುವ ಮೊದಲು ಮುಗದದ ಕುಂಬಾರರು ಹೇಳುವಂತೆ’ ಎಂದು ತೊಡಗಿಸಿದ್ದರೆ ಆ ಕೊರತೆಯು ಇರುತ್ತಿರಲಿಲ್ಲ.